ಓಡುವಾಗ ಕಟ್ಟುವ ಉಸಿರು: ರೇಸ್ ಕುದುರೆಯ ಗಂಟಲಿನ ತಪಾಸಣೆ

ರೇಸ್ ಮುಗಿಸಿ ಇಳಿದ ಜಾಕಿಯ ಬಾಯಲ್ಲಿ ಉಸಿರಿನ ಬಗ್ಗೆ ಬರುವ ದೂರು ಸಾಮಾನ್ಯವಾಗಿ ಎರಡು ಥರ. “ಗ್ಯಾಲಪ್‌ಗೆ ಬಿಟ್ಟಾಗಿನಿಂದ್ಲೂ ಸದ್ದು ಮಾಡ್ತಾನೇ ಇತ್ತು ಸಾರ್, ಸ್ಪೀಡ್ ಏರಿದಂಗೆಲ್ಲ ಜೋರಾಯ್ತು” ಅನ್ನುವುದು ಒಂದು. “ಕೊನೇ ಇನ್ನೂರು ಮೀಟರ್‌ವರೆಗೂ ಚೆನ್ನಾಗೇ ಎಳೀತಿತ್ತು, ಇದ್ದಕ್ಕಿದ್ದಂಗೆ ಗಂಟಲಲ್ಲಿ ಗೊರಗೊರ ಅಂತು, ಅಲ್ಲಿಗೇ ನಿಂತೋಯ್ತು” ಅನ್ನುವುದು ಇನ್ನೊಂದು. ಮೊದಲನೆಯ ಮಾತು ಧ್ವನಿಪೆಟ್ಟಿಗೆಯ ಎಡಭಾಗದ ಕಡೆಗೆ ಬೆರಳು ತೋರಿಸುತ್ತದೆ, ಎರಡನೆಯದು ಮೃದು ಅಂಗುಳದ ಕಡೆಗೆ. ಮುಂದೆ ಏನಾಗುತ್ತದೆಂದರೆ, ಲಾಯದಲ್ಲಿ ನಿಂತ ಕುದುರೆಗೆ ಐದು ನಿಮಿಷ ಸ್ಕೋಪ್ (ಮೂಗಿನಿಂದ ಗಂಟಲಿಗೆ ಇಳಿಸುವ ಕ್ಯಾಮೆರಾ ಕೊಳವೆ) ಹಾಕಿ, ಕಂಡದ್ದನ್ನು ಜಾಕಿಯ ಮಾತಿಗೆ ತಾಳೆ ಹಾಕಿ, ಆಪರೇಷನ್‌ಗೆ ದಿನ ಗೊತ್ತು ಮಾಡಿಬಿಡುತ್ತಾರೆ. ಗಂಟಲು ಕಟ್ಟುವುದು ಓಡುವಾಗ, ನೋಡಬೇಕಾದದ್ದೂ ಓಡುವಾಗಲೇ. ನಿಂತಾಗಿನ ತಪಾಸಣೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂದು ಮೊದಲೇ ತಿಳಿದಿದ್ದರೆ ಬೇಡದ ಎಷ್ಟೋ ಆಪರೇಷನ್‌ಗಳು ತಪ್ಪುತ್ತವೆ.

ಗಂಟಲಿನ ಮೇಲೆ ಬೀಳುವ ಹೊರೆ

ಕುದುರೆ ಬಾಯಿಂದ ಉಸಿರಾಡುವುದಿಲ್ಲ. ಅದರ ಮೃದು ಅಂಗುಳ ಉದ್ದವಾಗಿದ್ದು, ಧ್ವನಿಪೆಟ್ಟಿಗೆಯ ಬಾಯಿ ಅದರ ತೂತಿನೊಳಗೆ ಗುಂಡಿ ಕಾಜದಲ್ಲಿ ಕೂತ ಹಾಗೆ ಕೂತಿರುತ್ತದೆ. ಧ್ವನಿಪೆಟ್ಟಿಗೆಯ ಬಾಯಿಯ ಮುಚ್ಚಳವಾದ ಎಪಿಗ್ಲಾಟಿಸ್ ಅಂಗುಳದ ಮೇಲೆ ಒರಗಿರುತ್ತದೆ. ನುಂಗುವಾಗ ಒಂದು ಕ್ಷಣ ಈ ಕೂಡಿಕೆ ಬಿಚ್ಚುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಉಳಿದಂತೆ ಗಾಳಿಗೆ ಮೂಗೊಂದೇ ದಾರಿ.

ನಿಂತ ಕುದುರೆ ನಿಮಿಷಕ್ಕೆ ಹನ್ನೆರಡು ಹದಿನಾಲ್ಕು ಸಲ, ಪ್ರತಿ ಸಲ ಸುಮಾರು 5 ಲೀಟರ್ ಗಾಳಿ ಎಳೆಯುತ್ತದೆ. ಪೂರ್ಣ ವೇಗದ ಗ್ಯಾಲಪ್‌ನಲ್ಲಿ ನಿಮಿಷಕ್ಕೆ 120ರಿಂದ 140 ಉಸಿರು, ಪ್ರತಿ ಉಸಿರಿಗೆ 12ರಿಂದ 15 ಲೀಟರ್. ಒಟ್ಟು ನಿಮಿಷಕ್ಕೆ 1500 ಲೀಟರ್ ದಾಟುತ್ತದೆ. ಇಷ್ಟನ್ನು ಎಳೆಯುವಾಗ ಗಂಟಲಕುಳಿಯೊಳಗಿನ ಹೀರುವ ಒತ್ತಡ ನಿಂತಾಗಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಮೂಗಿನ ಹಾದಿಗೆ ಎಲುಬಿನ ಗೋಡೆಯಿದೆ, ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳಿವೆ. ನಡುವಿನ ಗಂಟಲಕುಳಿಗೆ ಮಾತ್ರ ಸ್ನಾಯುಗಳನ್ನು ಬಿಟ್ಟರೆ ಬೇರೆ ಆಧಾರವಿಲ್ಲ. ಯಾವ ಸ್ನಾಯು ಸೋತಿತೋ ಆ ಭಾಗ ಒಳಕ್ಕೆ ಹೀರಿಕೊಳ್ಳುತ್ತದೆ. ನಿಂತಾಗ ಆ ಸ್ನಾಯುವಿಗೆ ಕೆಲಸವೇ ಇಲ್ಲದ ಕಾರಣ ಅದರ ಸೋಲೂ ಕಾಣುವುದಿಲ್ಲ.

ಕೊಳವೆಯ ತ್ರಿಜ್ಯ ಕಡಿಮೆಯಾದರೆ ಪ್ರತಿರೋಧ ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ ಎಂಬ ಲೆಕ್ಕವನ್ನು ಇಲ್ಲಿಗೆ ತಂದರೆ, ತ್ರಿಜ್ಯ 20% ಕಿರಿದಾದಾಗಲೇ ಪ್ರತಿರೋಧ ಎರಡು ಪಟ್ಟು ಮೀರುತ್ತದೆ. ಗಂಟಲು ನೇರ ಕೊಳವೆಯಲ್ಲ, ಗಾಳಿಯೂ ಸುಳಿಯಿಲ್ಲದೆ ಹರಿಯುವುದಿಲ್ಲ, ಹಾಗಾಗಿ ಈ ಲೆಕ್ಕ ಅಂದಾಜು ಮಾತ್ರ. ಆದರೂ ಪರದೆಯ ಮೇಲೆ “ಸ್ವಲ್ಪ” ಎನಿಸುವ ಕುಸಿತ 1600 ಮೀಟರ್ ರೇಸ್‌ನಲ್ಲಿ ಏಕೆ ಸ್ವಲ್ಪವಲ್ಲ ಎಂಬುದು ಇದರಿಂದ ಅರ್ಥವಾಗುತ್ತದೆ.

ಮೊದಲು ಕಿವಿ, ಆಮೇಲೆ ಕೈ

ಸದ್ದು ಉಸಿರು ಎಳೆಯುವಾಗಲೋ ಬಿಡುವಾಗಲೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಗ್ಯಾಲಪ್‌ನಲ್ಲಿ ಒಂದು ಹೆಜ್ಜೆಸುತ್ತಿಗೆ ಒಂದೇ ಉಸಿರು. ಮುಂಗಾಲುಗಳ ಮೇಲೆ ಭಾರ ಬಿದ್ದಾಗ ಉಸಿರು ಹೊರಕ್ಕೆ, ಮುಂಗಾಲುಗಳು ಎದ್ದು ಮುಂದಕ್ಕೆ ಚಾಚಿದಾಗ ಒಳಕ್ಕೆ. ಬೆಳಗಿನ ಟ್ರ್ಯಾಕ್‌ವರ್ಕ್‌ನಲ್ಲಿ ರೇಲಿಂಗ್ ಪಕ್ಕ ನಿಂತು ಕಾಲು ನೋಡುತ್ತಾ ಕಿವಿಗೊಟ್ಟರೆ ಇದು ಗೊತ್ತಾಗುತ್ತದೆ. ಮೊಬೈಲ್‌ನಲ್ಲಿ ವಿಡಿಯೊ ಹಿಡಿದು ನಿಧಾನಗತಿಯಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಎಳೆಯುವಾಗ ಸೀಟಿಯಿಂದ ಶುರುವಾಗಿ ಒರಟು ಗರಗರಕ್ಕೆ ಏರುವ ಸದ್ದು ಧ್ವನಿಪೆಟ್ಟಿಗೆಯ ಪಾರ್ಶ್ವವಾಯುವಿನದು. ರೇಸ್‌ಕೋರ್ಸ್ ಮಂದಿ ‘ರೋರರ್’ ಅನ್ನುವುದು ಇಂಥ ಕುದುರೆಯನ್ನೇ. ಬಿಡುವಾಗ ಪಟಪಟ ಬಡಿಯುತ್ತಾ ಬರುವ ಗೊರಕೆ, ಜೊತೆಗೆ ಕೆನ್ನೆ ಉಬ್ಬುವುದು, ಬಾಯಿ ತೆರೆಯುವುದು ಕಂಡರೆ ಅಂಗುಳ ಜಾರಿದೆ ಎಂದು ಅನುಮಾನಿಸಬೇಕು. ಎಪಿಗ್ಲಾಟಿಸ್‌ನ ಮೇಲಕ್ಕೆ ಜಾರಿದ ಅಂಗುಳ ಉಸಿರು ಬಿಡುವಾಗ ಪಟದಂತೆ ಮೇಲೆದ್ದು ದಾರಿ ಮುಚ್ಚುತ್ತದೆ, ಗಾಳಿ ಬಾಯಿಯ ಕಡೆ ನುಗ್ಗುತ್ತದೆ.

ಅಂಗುಳ ಜಾರುವ ಎಲ್ಲಾ ಕುದುರೆಗಳೂ ಸದ್ದು ಮಾಡುವುದಿಲ್ಲ. ಸದ್ದೇ ಇಲ್ಲದೆ ಕೊನೆಯಲ್ಲಿ ಸೋಲುವ ಕುದುರೆಗಳು ಬೇಕಾದಷ್ಟಿವೆ. ಹಾಗೆಯೇ ಸದ್ದು ಮಾಡುವ ಎಲ್ಲಾ ಕುದುರೆಗಳಿಗೂ ಗಂಟಲು ಕಟ್ಟಿರುವುದಿಲ್ಲ. ಕೆಲವು ಕುದುರೆಗಳು ಹುರುಪಿನಲ್ಲಿ ಮೂಗಿನ ಹೊಳ್ಳೆ ಅದುರಿಸುತ್ತಾ ಫುರ್ ಫುರ್ ಅನ್ನುತ್ತವೆ. ಕೆಲಸ ಬಿಗಿಯಾದ ಕೂಡಲೇ ಅದು ನಿಲ್ಲುತ್ತದೆ. ವೇಗ ಏರಿದಂತೆ ಸದ್ದು ನಿಂತರೆ ಅದರ ಚಿಂತೆ ಬೇಡ.

ಜಾಕಿಯನ್ನೂ ಸೈಸನ್ನೂ (ಕುದುರೆ ನೋಡಿಕೊಳ್ಳುವವನನ್ನೂ) ಕೇಳಬೇಕಾದ ಪ್ರಶ್ನೆಗಳು ಇನ್ನೂ ಇವೆ. ಎಷ್ಟು ಮೀಟರ್ ಆದ ಮೇಲೆ? ಲಗಾಮು ಬಿಗಿ ಹಿಡಿದಾಗಲೋ ಸಡಿಲ ಬಿಟ್ಟಾಗಲೋ? ನುಂಗಿದ ಮೇಲೆ ಸರಿಹೋಯಿತೇ? ನಾಲಗೆಯನ್ನು ಪಟ್ಟಿಯಿಂದ ದವಡೆಗೆ ಕಟ್ಟಿದ್ದರೇ? ಮೇವು ತಿನ್ನುವಾಗ ಕೆಮ್ಮುತ್ತದೆಯೇ? ನೀರು ಕುಡಿದ ಮೇಲೆ ಮೂಗಿನಿಂದ ನೀರೋ ಮೇವೋ ಬರುತ್ತದೆಯೇ? ಹಿಂದೆ ಗಂಟಲಿನ ಆಪರೇಷನ್ ಆಗಿದೆಯೇ? ಈ ಕೊನೆಯ ಪ್ರಶ್ನೆಗೆ ಕೈ ಬದಲಾದ ಕುದುರೆಯಲ್ಲಿ ಉತ್ತರ ಸಿಗುವುದು ಕಷ್ಟ. ಬ್ರಿಟನ್‌ನಲ್ಲಿ 2018ರ ಜನವರಿಯಿಂದ, ಹಿಂದಿನ ರೇಸ್ ಆದ ಮೇಲೆ ಕುದುರೆಗೆ ಉಸಿರಿನ ಆಪರೇಷನ್ ಆಗಿದ್ದರೆ ಅದನ್ನು ರೇಸ್‌ಕಾರ್ಡ್‌ನಲ್ಲೇ ಗುರುತು ಹಾಕುತ್ತಾರೆ. ಅಂಥ ದಾಖಲೆ ಇಲ್ಲದ ಕಡೆ ಬೆರಳೇ ದಾಖಲೆ: ದವಡೆಯ ಕೆಳಗೆ ಧ್ವನಿಪೆಟ್ಟಿಗೆಯ ನಡುಗೆರೆಯಲ್ಲೂ ಎಡಪಕ್ಕದಲ್ಲೂ ಕೂದಲು ಸರಿಸಿ ಹಳೆಯ ಗಾಯದ ಗೆರೆ ಹುಡುಕಬೇಕು.

ಕೈಯಿಂದ ನೋಡುವಾಗ ಎರಡೂ ಹೊಳ್ಳೆಗಳ ಮುಂದೆ ಅಂಗೈ ಹಿಡಿದು ಗಾಳಿ ಸಮನಾಗಿ ಬರುತ್ತಿದೆಯೇ ನೋಡಿ. ಒಂದರಲ್ಲಿ ಕಡಿಮೆಯಾದರೆ ಸೈನಸ್, ಮೂಗಿನ ಗೋಡೆ ಅಥವಾ ಗಡ್ಡೆಯ ಮಾತು. ಅದಕ್ಕೆ ಎಕ್ಸ್‌ರೇ ಬೇಕು. ಆಮೇಲೆ ಧ್ವನಿಪೆಟ್ಟಿಗೆಯ ಮೇಲ್ಭಾಗವನ್ನು ಎರಡೂ ತೋರುಬೆರಳುಗಳಿಂದ ಒಟ್ಟಿಗೇ ಒತ್ತಿ ಹೋಲಿಸಿ. ಎಡಕ್ಕೆ ಸ್ನಾಯು ಕರಗಿದ್ದರೆ ಮೃದ್ವಸ್ಥಿಯ ಮೊನೆ ಬಲಕ್ಕಿಂತ ಚೂಪಾಗಿ ಬೆರಳಿಗೆ ತಾಗುತ್ತದೆ. ಕತ್ತಿನ ಎರಡೂ ರಕ್ತನಾಳಗಳನ್ನೂ ಒತ್ತಿ ನೋಡಬೇಕು. ಇಂಜೆಕ್ಷನ್ ನಾಳದ ಹೊರಗೆ ಹೋಗಿ ಊದಿಕೊಂಡಿದ್ದರೆ ಪಕ್ಕದಲ್ಲೇ ಹಾದುಹೋಗುವ ನರ ಹಾಳಾಗಿರಬಹುದು. ಹೆಗಲ ಹಿಂದೆ ತಟ್ಟಿ ಧ್ವನಿಪೆಟ್ಟಿಗೆಯ ಮಿಡಿತ ನೋಡುವ ಹಳೆಯ ‘ಸ್ಲ್ಯಾಪ್ ಟೆಸ್ಟ್’ ಇನ್ನೂ ಕೆಲವರ ಕೈಯಲ್ಲಿದೆ. ಅದನ್ನು ನಂಬಿ ತೀರ್ಮಾನ ಮಾಡುವಂತಿಲ್ಲ.

ನಿಂತ ಕುದುರೆಗೆ ಸ್ಕೋಪ್

ವಯಸ್ಕ ಕುದುರೆಗೆ 8–9 ಮಿ.ಮೀ. ದಪ್ಪ, ಒಂದು ಮೀಟರ್ ಉದ್ದದ ಸ್ಕೋಪ್ ಗಂಟಲಿಗೆ ಸಾಕು. ಶ್ವಾಸನಾಳದ ಕವಲಿನವರೆಗೆ ಇಳಿಯಬೇಕಾದರೆ ಒಂದೂವರೆ ಮೀಟರ್ ಮೀರಿದ್ದು ಬೇಕು. ವಿಡಿಯೊ ದಾಖಲಿಸುವ ವ್ಯವಸ್ಥೆ ಇಲ್ಲದ ಸ್ಕೋಪ್‌ನಿಂದ ಅರ್ಧ ಪ್ರಯೋಜನ ಮಾತ್ರ, ಏಕೆಂದರೆ ಇಂದಿನದನ್ನು ಮೂರು ತಿಂಗಳ ಹಿಂದಿನದರ ಜೊತೆ ಪಕ್ಕಪಕ್ಕ ಇಟ್ಟು ನೋಡಬೇಕಾಗುತ್ತದೆ.

ಮತ್ತು ಬರಿಸುವ ಮದ್ದು ಕೊಡಬಾರದು. ಝೈಲಝೀನ್, ಡೆಟೊಮಿಡಿನ್‌ನಂಥವು ಗಂಟಲಿನ ಸ್ನಾಯುಗಳನ್ನು ಸಡಿಲಿಸುತ್ತವೆ. ಸರಿಯಿರುವ ಕುದುರೆಯ ಎಡಭಾಗ ಜೋತು ಬಿದ್ದಂತೆ ಕಾಣುತ್ತದೆ, ಅಂಗುಳ ಸುಮ್ಮನೆ ಜಾರುತ್ತದೆ. ಮೇಲ್ದುಟಿಗೆ ಟ್ವಿಚ್ (ತುಟಿಯನ್ನು ಬಿಗಿಯುವ ಕುಣಿಕೆ) ಹಾಕಿ, ಅನುಭವಿ ಸೈಸ್ ಒಬ್ಬ ತಲೆ ಹಿಡಿದರೆ ಬಹುತೇಕ ಕುದುರೆಗಳು ನಿಲ್ಲುತ್ತವೆ. ತೀರಾ ಒರಟು ಕುದುರೆಗೆ ಮದ್ದು ಕೊಡಲೇಬೇಕಾದರೆ ಆ ವಿಷಯ ವರದಿಯಲ್ಲಿ ಬರೆಯಬೇಕು, ಧ್ವನಿಪೆಟ್ಟಿಗೆಯ ಚಲನೆಗೆ ಗ್ರೇಡ್ ಕೊಡಬಾರದು. ಸ್ಕೋಪ್‌ಗೆ ಸವರುವ ಜೆಲ್ಲಿಯೂ ಬರಿಯ ಜಾರುಜೆಲ್ಲಿಯಾಗಿರಲಿ. ಲಿಡೊಕೇನ್ ಇರುವ ಜೆಲ್ ಗಂಟಲನ್ನು ಮರಗಟ್ಟಿಸುತ್ತದೆ. ರೇಸ್ ಹತ್ತಿರವಿದ್ದರೆ ಡೋಪ್ ಪರೀಕ್ಷೆಯಲ್ಲೂ ಸಿಕ್ಕಿಬೀಳುತ್ತದೆ.

ಪ್ರತಿ ಸಲವೂ ಒಂದೇ ಹೊಳ್ಳೆಯಿಂದ ಹೋಗುವುದು ಒಳ್ಳೆಯ ಅಭ್ಯಾಸ. ಹೆಚ್ಚಿನವರು ಬಲಗಡೆಯದನ್ನು ಆರಿಸುತ್ತಾರೆ. ಹೊಳ್ಳೆಯ ಮೇಲ್ಭಾಗದಲ್ಲಿ ಕುರುಡು ಚೀಲವೊಂದಿದೆ, ತುದಿ ಅಲ್ಲಿ ಸಿಕ್ಕಿಕೊಂಡರೆ ಕುದುರೆ ತಲೆ ಒದರುತ್ತದೆ. ಹೆಬ್ಬೆರಳಿನಿಂದ ತುದಿಯನ್ನು ಕೆಳಕ್ಕೆ ಒತ್ತಿ, ಮೂಗಿನ ತಳದ ಹಾದಿಯಲ್ಲೇ ತೂರಿಸಬೇಕು. ಮಧ್ಯದ ಹಾದಿಗೆ ಹತ್ತಿದರೆ ಕೊನೆಗೆ ಮೂಗಿನ ಹಿಂತುದಿಯ ಎತ್ಮಾಯ್ಡ್ ಎಲುಬಿನ ಸುರುಳಿಗಳಿಗೆ ತಾಗಿ ರಕ್ತ ಸುರಿಯುತ್ತದೆ. ಅಪಾಯವೇನಿಲ್ಲ, ಆದರೆ ಆ ದಿನದ ತಪಾಸಣೆ ಅಲ್ಲಿಗೇ ಮುಗಿದಂತೆ.

ಗಂಟಲಕುಳಿ ತಲುಪಿದ ಮೇಲೆ ಆತುರ ಬೇಡ. ಎರಡು ಮೂರು ನಿಮಿಷ ಏನೂ ಮಾಡದೆ ನೋಡಿ. ಎಪಿಗ್ಲಾಟಿಸ್ ತ್ರಿಕೋನವಾಗಿ, ಅಂಚು ಸಣ್ಣ ಅಲೆಯಲೆಯಾಗಿ, ಮೇಲ್ಮೈಯಲ್ಲಿ ರಕ್ತನಾಳದ ಕವಲು ಕಾಣುವಂತಿರಬೇಕು. ಆಕಾರ ಮಾತ್ರ ಉಳಿದು ಅಲೆಯಂಚೂ ನಾಳಗಳೂ ಮಾಯವಾಗಿದ್ದರೆ ಕೆಳಗಿನ ಪೊರೆ ಮೇಲೆ ಹತ್ತಿ ಎಪಿಗ್ಲಾಟಿಸನ್ನು ಮುಚ್ಚಿದೆ ಎಂದರ್ಥ. ನಿಂತಾಗಲೇ ಖಚಿತವಾಗಿ ಹಿಡಿಯಬಹುದಾದ ಕೆಲವೇ ತೊಂದರೆಗಳಲ್ಲಿ ಇದೊಂದು. ಪೊರೆ ಆಗಾಗ ಬಂದು ಹೋಗುವುದೂ ಇದೆ, ಹಾಗಾಗಿ ಕುದುರೆ ನಾಲ್ಕಾರು ಸಲ ನುಂಗುವವರೆಗೆ ಕಾಯಬೇಕು. ಎಪಿಗ್ಲಾಟಿಸ್ ಓರೆಯಾಗಿ ಮೇಲೆದ್ದಿದ್ದರೆ ಕೆಳಗೆ ನೀರುಗುಳ್ಳೆ ಇರಬಹುದು. ಎರಡು ವರ್ಷದ ಮರಿಗಳ ಗಂಟಲ ಗೋಡೆ ತುಂಬ ಬೊಕ್ಕೆಗಳಂತೆ ಕಾಣುವ ಗಂಟುಗಳು ಎಳೆ ವಯಸ್ಸಿನ ಲಕ್ಷಣ. ಅದನ್ನೇ ಸೋಲಿಗೆ ಕಾರಣ ಮಾಡಿ ತಿಂಗಳುಗಟ್ಟಲೆ ಮದ್ದು ಸಿಂಪಡಿಸುವುದು ದಂಡ.

ಅರಿಟಿನಾಯ್ಡ್‌ಗಳ (ಧ್ವನಿಪೆಟ್ಟಿಗೆಯ ಬಾಯನ್ನು ತೆರೆದು ಮುಚ್ಚುವ ಎಡ-ಬಲದ ಮೃದ್ವಸ್ಥಿಗಳು) ಚಲನೆ ನೋಡುವಾಗ ಒಂದು ಭ್ರಮೆಯ ಬಗ್ಗೆ ಎಚ್ಚರವಿರಬೇಕು. ಸ್ಕೋಪ್ ಒಂದು ಪಕ್ಕದಿಂದ ಬಂದಿರುವುದರಿಂದ ಧ್ವನಿಪೆಟ್ಟಿಗೆ ಓರೆಯಾಗಿ ಕಾಣುತ್ತದೆ; ಸಮವಾಗಿರುವುದೂ ಏರುಪೇರು ಅನಿಸುತ್ತದೆ. ತುದಿಯನ್ನು ನಡುವಿಗೆ ತಂದು, ಚಿತ್ರ ತಿರುಗಿರದಂತೆ ಸರಿಪಡಿಸಿ, ಆಮೇಲೆ ಹೋಲಿಸಬೇಕು. ಸ್ಕೋಪ್‌ನ ನಾಳದಿಂದ 20–50 ಮಿ.ಲೀ. ನೀರು ಬಿಟ್ಟರೆ ಕುದುರೆ ನುಂಗುತ್ತದೆ, ನುಂಗಿದ ಮರುಕ್ಷಣ ಎರಡೂ ಕಡೆ ಪೂರ್ತಿ ತೆರೆದುಕೊಳ್ಳಬೇಕು. ಕೊನೆಯಲ್ಲಿ ಎರಡೂ ಹೊಳ್ಳೆಗಳನ್ನು ಕೈಯಿಂದ 30ರಿಂದ 60 ಸೆಕೆಂಡ್ ಮುಚ್ಚಿ ಹಿಡಿಯುವುದು. ಉಸಿರಿಗೆ ತಡಕಾಡುವ ಕುದುರೆ ಗಂಟಲನ್ನು ಆದಷ್ಟೂ ಹಿಗ್ಗಿಸುತ್ತದೆ. ಮುಂಗಾಲು ಎತ್ತುವುದು ಈ ಹಂತದಲ್ಲೇ. ಹಿಡಿದವರು ಎದುರಿಗೆ ನಿಲ್ಲಬಾರದು. ಈಗ ಅಂಗುಳ ಜಾರಿ ಒಂದೇ ನುಂಗಿಗೆ ಸರಿಹೋದರೆ ಅದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಜಾರಿದ್ದು ಮತ್ತೆ ಮತ್ತೆ ನುಂಗಿದರೂ ಸರಿಹೋಗದಿದ್ದರೆ ಟಿಪ್ಪಣಿ ಮಾಡಿಕೊಳ್ಳಿ.

ಗ್ರೇಡ್ ಏನು ಹೇಳುತ್ತದೆ

ಎಡಭಾಗಕ್ಕೇ ಏಕೆ ತೊಂದರೆ ಹೆಚ್ಚು? ಧ್ವನಿಪೆಟ್ಟಿಗೆಯನ್ನು ತೆರೆಯುವ ಸ್ನಾಯುವಿಗೆ ಬರುವ ನರ ತಲೆಯಿಂದ ನೇರ ಬರದೆ ಎದೆಗಿಳಿದು ಹಿಂತಿರುಗುತ್ತದೆ. ಬಲನರ ಎದೆಯ ಬಾಗಿಲಲ್ಲೇ ಮರಳಿದರೆ ಎಡನರ ಹೃದಯದ ಮಹಾಧಮನಿಯನ್ನು ಬಳಸಿ ಮೇಲೆ ಬರುತ್ತದೆ. ಕುದುರೆಯ ದೇಹದ ಅತಿ ಉದ್ದದ ನರಗಳಲ್ಲಿ ಇದೊಂದು. ಎತ್ತರದ, ಉದ್ದ ಕತ್ತಿನ ಥರೋಬ್ರೆಡ್ ತಳಿಯ ರೇಸ್ ಕುದುರೆಗಳಲ್ಲಿ ಇದರ ತುದಿಯ ಎಳೆಗಳು ಸಾಯುತ್ತಾ ಹೋಗುತ್ತವೆ. ಕುಳ್ಳ ಪೋನಿಗಳಲ್ಲಿ ಇದು ಅಪರೂಪ.

2003ರಲ್ಲಿ ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನಲ್ಲಿ ನಡೆದ ಕುದುರೆ ವೈದ್ಯರ ಹ್ಯಾವ್‌ಮೇಯರ್ ಕಾರ್ಯಾಗಾರದಲ್ಲಿ ಒಪ್ಪಿಕೊಂಡ ಗ್ರೇಡಿಂಗ್ ಈಗ ಬಹುಪಾಲು ಕಡೆ ಬಳಕೆಯಲ್ಲಿದೆ. ಗ್ರೇಡ್ 1: ಎರಡೂ ಕಡೆ ಒಟ್ಟಿಗೆ, ಸಮವಾಗಿ, ಪೂರ್ತಿ ತೆರೆಯುತ್ತವೆ. ಗ್ರೇಡ್ 2: ಎಡಭಾಗ ತಡವಾಗಿ, ಅದುರುತ್ತಾ ಅಥವಾ ಏರುಪೇರಾಗಿ ಚಲಿಸಿದರೂ ಪೂರ್ತಿ ತೆರೆದು ಹಾಗೇ ನಿಲ್ಲಬಲ್ಲದು. ಇದರಲ್ಲಿ 2.1 ಅಂದರೆ ಏರುಪೇರು ಆಗಾಗ ಮಾತ್ರ, 2.2 ಅಂದರೆ ಹೆಚ್ಚು ಹೊತ್ತು ಏರುಪೇರೇ, ಆದರೆ ನುಂಗಿದಾಗ ಅಥವಾ ಮೂಗು ಮುಚ್ಚಿದಾಗ ಪೂರ್ತಿ ತೆರೆದು ನಿಲ್ಲುತ್ತದೆ. ಗ್ರೇಡ್ 3: ಪೂರ್ತಿ ತೆರೆದು ನಿಲ್ಲಲಾರದು. 3.1ರಲ್ಲಿ ತೆರೆಯುತ್ತದೆ, ನಿಲ್ಲುವುದಿಲ್ಲ, 3.2ರಲ್ಲಿ ಪೂರ್ತಿ ತೆರೆಯುವುದೇ ಇಲ್ಲ, 3.3ರಲ್ಲಿ ಚಲನೆ ಹೆಸರಿಗಷ್ಟೇ. ಗ್ರೇಡ್ 4: ಅಲುಗಾಟವೇ ಇಲ್ಲ.

ಓದುವಾಗ ಅಚ್ಚುಕಟ್ಟಾಗಿರುವ ಈ ಪಟ್ಟಿ ಕೈಗೆ ಬಂದಾಗ ಅಷ್ಟು ಅಚ್ಚುಕಟ್ಟಲ್ಲ. ಒಂದೇ ಕುದುರೆ ಸೋಮವಾರ 2.1, ಗುರುವಾರ 2.2 ಆಗಬಹುದು. ಒಂದೇ ವಿಡಿಯೊಗೆ ಇಬ್ಬರು ಡಾಕ್ಟರು ಬೇರೆ ಬೇರೆ ಗ್ರೇಡ್ ಕೊಡುವುದೂ ಮಾಮೂಲು. ಗ್ರೇಡ್ 1ರ ಕುದುರೆಯ ಧ್ವನಿಪೆಟ್ಟಿಗೆ ಓಡುವಾಗ ಕುಸಿಯುವುದು ಅಪರೂಪ, ಗ್ರೇಡ್ 4 ಕುಸಿಯುವುದು ನಿಶ್ಚಿತ. ಗಲಿಬಿಲಿ ಎಲ್ಲಾ 2.2ರಿಂದ 3.2ರ ನಡುವೆ. ಮರಿ ಖರೀದಿಯಲ್ಲಿ ಚೌಕಾಸಿ ನಡೆಯುವುದೂ ಈ ನಡುವಿನ ಮರಿಗಳ ಮೇಲೆಯೇ, ಜೊತೆಗೆ ಈ ರೋಗ ವಯಸ್ಸಿನೊಂದಿಗೆ ಹೆಚ್ಚಬಹುದು ಎಂಬ ಭಯ ಬೇರೆ.

ಇಲ್ಲಿ ಅಲ್ಟ್ರಾಸೌಂಡ್ ನೆರವಿಗೆ ಬರುತ್ತದೆ. ಈ ನರರೋಗದಲ್ಲಿ ಧ್ವನಿಪೆಟ್ಟಿಗೆಯನ್ನು ಮುಚ್ಚುವ ಸ್ನಾಯು ತೆರೆಯುವ ಸ್ನಾಯುವಿಗಿಂತ ಮೊದಲೇ ಕೆಡುತ್ತದೆ. ಪಕ್ಕದಿಂದ ಪ್ರೋಬ್ ಇಟ್ಟರೆ ಸುಲಭವಾಗಿ ಸಿಗುವುದೂ ಅದೇ. ಎಡದ ಸ್ನಾಯು ಬಲದ್ದಕ್ಕಿಂತ ಬೆಳ್ಳಗೆ ಕಂಡರೆ ನರ ಕೆಟ್ಟಿರುವುದಕ್ಕೆ ಅದು ಬಲವಾದ ಸಾಕ್ಷಿ. ಕುದುರೆಯನ್ನು ಓಡಿಸಲು ಆಗದ ಸ್ಥಿತಿಯಲ್ಲಿ, ಕಾಲು ನೋವಿರುವಾಗ ಅಥವಾ ಇನ್ನೂ ಸವಾರಿಗೆ ಬಾರದ ಮರಿಯಲ್ಲಿ ಇದರ ಬೆಲೆ ಹೆಚ್ಚು.

ಪಾರ್ಶ್ವವಾಯು ಅನಿಸಿಕೊಳ್ಳುವ ಬೇರೆ ರೋಗಗಳು

ಬಲಭಾಗ ತೆರೆಯುತ್ತಿಲ್ಲ ಎಂದಾಗ ಮಾಮೂಲಿ ‘ರೋರರ್’ ಎಂದು ಬರೆದುಬಿಡಬಾರದು. ನಾಲ್ಕು ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು. ಕತ್ತಿನ ಇಂಜೆಕ್ಷನ್‌ನಿಂದ ನರಕ್ಕೆ ಪೆಟ್ಟಾಗಿರಬಹುದು. ಗಟ್ಟರಲ್ ಪೌಚ್‌ನಲ್ಲಿ (ಗಂಟಲಕುಳಿಯ ಪಕ್ಕದ, ಕಿವಿಗೆ ಸೇರಿದ ಗಾಳಿಚೀಲ) ಶಿಲೀಂಧ್ರ ಬೆಳೆದು ಅದರ ಗೋಡೆಯಲ್ಲಿ ಹಾಯುವ ನರ ತಿಂದಿರಬಹುದು. ಅರಿಟಿನಾಯ್ಡ್‌ನಲ್ಲೇ ಸೋಂಕಾಗಿರಬಹುದು. ಅಥವಾ ಹುಟ್ಟುವಾಗಲೇ ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳು ಪೂರ್ತಿ ಬೆಳೆಯದ ನಾಲ್ಕನೇ ಕಮಾನಿನ ದೋಷವಿರಬಹುದು. ಈ ದೋಷ ಹೆಚ್ಚಾಗಿ ಬಲಕ್ಕೇ ಬರುತ್ತದೆ. ಅರಿಟಿನಾಯ್ಡ್‌ಗಳ ಮೇಲ್ತುದಿಯನ್ನು ಹಿಂದಿನ ಮಡಿಕೆಯೊಂದು ಟೋಪಿಯಂತೆ ಮುಚ್ಚಿರುವುದು, ಹೊರಗಿನಿಂದ ಒತ್ತಿದಾಗ ಎರಡು ಮೃದ್ವಸ್ಥಿಗಳ ನಡುವೆ ಇರಬಾರದ ಸಂದು ಬೆರಳಿಗೆ ಸಿಗುವುದು ಇದರ ಗುರುತು. ಗಾಳಿ ನುಂಗಿ ತೇಗುವ ಚಾಳಿಯೂ ಇರಬಹುದು. ಆಪರೇಷನ್‌ನಿಂದ ಇದನ್ನು ಸರಿಪಡಿಸಲಾಗದು, ಆದ್ದರಿಂದ ಮೊದಲೇ ಗುರುತಿಸಿದರೆ ಮಾಲೀಕನ ಹಣವೂ ಕುದುರೆಯ ನೋವೂ ಉಳಿಯುತ್ತದೆ.

ಅರಿಟಿನಾಯ್ಡ್ ಸೋಂಕು ಎಡಕ್ಕೂ ಬರುತ್ತದೆ, ಪಾರ್ಶ್ವವಾಯುವಿನ ವೇಷದಲ್ಲೇ ಬರುತ್ತದೆ. ಮೃದ್ವಸ್ಥಿ ದಪ್ಪಗಾಗಿ ಅಲುಗಾಡಲಾರದೆ ನಿಂತಿರುತ್ತದೆ. ಒಳಮೈಯಲ್ಲಿ ಕೆಂಪು ಗಂಟು, ಎದುರು ಭಾಗದಲ್ಲಿ ಅದು ಉಜ್ಜಿ ಆದ ಹುಣ್ಣು ಕಂಡರೆ ಸಂಶಯ ಬೇಡ. ಗಂಟು ಕಾಣದಿದ್ದರೂ ಅಲ್ಟ್ರಾಸೌಂಡ್‌ನಲ್ಲಿ ದಪ್ಪ ಗೊತ್ತಾಗುತ್ತದೆ. ಪಾರ್ಶ್ವವಾಯುವಿಗೆ ಮಾಡುವಂತೆ ಇಂಥ ಮೃದ್ವಸ್ಥಿಗೂ ದಾರ ಹಾಕಿ ಬಿಗಿದರೆ ಆ ಹೊಲಿಗೆ ಹಿಡಿಯುವುದಿಲ್ಲ.

ಎರಡೂ ಕಡೆ ಒಟ್ಟಿಗೇ ಜೋತು ಬಿದ್ದಿದ್ದರೆ ಗಂಟಲು ಬಿಟ್ಟು ರಕ್ತಪರೀಕ್ಷೆಗೆ ಹೋಗಿ. ಯಕೃತ್ತಿನ ರೋಗ, ಕೀಟನಾಶಕದ ವಿಷ, ಸೀಸದ ವಿಷ ಹೀಗೆ ಮಾಡುತ್ತವೆ.

ಓಟದ ಕುದುರೆಯ ಮೂಗಿನಲ್ಲಿ ಗ್ಯಾಲಪ್ ನಂತರ ರಕ್ತ ಬಂದರೆ ಅದು ಬಹುತೇಕ ಶ್ವಾಸಕೋಶದ್ದು. ರಕ್ತಸ್ರಾವ ಹುಡುಕುವುದಿದ್ದರೆ ಓಟ ಮುಗಿದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಶ್ವಾಸನಾಳದೊಳಗೆ ನೋಡಬೇಕು. ಲಾಯದಲ್ಲಿ ಸುಮ್ಮನೆ ನಿಂತಿರುವಾಗ ಒಂದೇ ಹೊಳ್ಳೆಯಿಂದ ರಕ್ತ ಸುರಿದರೆ ಮಾತ್ರ ಬೇರೆ ಮಾತು. ಅದು ಗಟ್ಟರಲ್ ಪೌಚ್‌ನ ದೊಡ್ಡ ಧಮನಿಯದಾಗಿರಬಹುದು, ಮುಂದಿನ ಸಲ ಕುದುರೆಯೇ ಹೋಗಬಹುದು. ಒಳಗೆ ಹೆಪ್ಪುಗಟ್ಟಿದ ರಕ್ತ ಕಂಡರೆ ಸ್ಕೋಪ್‌ನಿಂದ ಮುಟ್ಟದೆ ಹಾಗೇ ಹಿಂದೆ ಬಂದು ಶಸ್ತ್ರಚಿಕಿತ್ಸೆ ಮಾಡುವವರಿಗೆ ಫೋನ್ ಮಾಡಬೇಕು.

ಓಡುವಾಗ ನೋಡುವುದು

ಮೊದಲು ಇದ್ದದ್ದು ಟ್ರೆಡ್‌ಮಿಲ್. ಕುದುರೆಗೆ ಪಟ್ಟಿಯ ಮೇಲೆ ಓಡುವುದನ್ನು ಕಲಿಸಿ, ವೇಗ ಏರಿಸುತ್ತಾ, ಸ್ಕೋಪ್ ಹಾಕಿ ನೋಡುತ್ತಿದ್ದರು. ಚಿತ್ರ ಸ್ಪಷ್ಟ, ಎಲ್ಲವೂ ಹತೋಟಿಯಲ್ಲಿ. ಆದರೆ ಬೆನ್ನ ಮೇಲೆ ಜಾಕಿ ಇಲ್ಲ, ಬಾಯಲ್ಲಿ ಲಗಾಮಿನ ಎಳೆತ ಇಲ್ಲ, ಪಕ್ಕದಲ್ಲಿ ಪೈಪೋಟಿ ಇಲ್ಲ. ಸುಮಾರು 2008ರಿಂದ ಬಳಕೆಗೆ ಬಂದ ಓವರ್‌ಗ್ರೌಂಡ್ ಸ್ಕೋಪ್ ತಪಾಸಣೆಯನ್ನು ಟ್ರ್ಯಾಕ್‌ಗೇ ತಂದಿತು. ತೆಳ್ಳನೆಯ ಸ್ಕೋಪ್ ಮೂಗಿನೊಳಗೆ, ಅದರ ತುದಿ ತಿರುಗಿಸುವ ಭಾಗ ಲಗಾಮಿನ ತಲೆಪಟ್ಟಿಗೆ ಕಟ್ಟಿರುತ್ತದೆ. ಬ್ಯಾಟರಿ, ದಾಖಲಿಸುವ ಪೆಟ್ಟಿಗೆ, ಮಸೂರ ತೊಳೆಯುವ ನೀರಿನ ಪಂಪ್ ಜೀನಿನ ಬಟ್ಟೆಯಲ್ಲಿ. ಚಿತ್ರ ನಿಸ್ತಂತುವಾಗಿ ಕೈಯಲ್ಲಿನ ಪರದೆಗೆ ಬರುತ್ತದೆ. ಕುದುರೆ ದೂರ ಹೋದರೆ ಪರದೆ ಕಪ್ಪಾದರೂ ಪೆಟ್ಟಿಗೆಯಲ್ಲಿ ದಾಖಲೆ ಉಳಿಯುತ್ತದೆ.

ತುದಿ ಇರಬೇಕಾದದ್ದು ಗಟ್ಟರಲ್ ಪೌಚ್‌ನ ಬಾಯಿಯ ಆಸುಪಾಸಿನಲ್ಲಿ. ಅಲ್ಲಿಂದ ಧ್ವನಿಪೆಟ್ಟಿಗೆ, ಎಪಿಗ್ಲಾಟಿಸ್, ಅಂಗುಳದ ಅಂಚು ಮೂರೂ ಒಂದೇ ಚೌಕಟ್ಟಿಗೆ ಬರುತ್ತವೆ. ಹೆಚ್ಚು ಒಳಗೆ ಹೋದರೆ ಅಂಗುಳ ಕಾಣುವುದಿಲ್ಲ, ತುದಿ ಧ್ವನಿಪೆಟ್ಟಿಗೆಗೆ ತಾಗಿ ಕುದುರೆ ನುಂಗುತ್ತಲೇ ಇರುತ್ತದೆ. ಕಟ್ಟಿದ ಮೇಲೆ ಹತ್ತು ನಿಮಿಷ ನಡೆಸಿ, ಟ್ರಾಟ್ (ನಿಧಾನ ಓಟ) ಮಾಡಿಸಿ, ಜರುಗಿದ್ದರೆ ಆಗಲೇ ಸರಿಪಡಿಸಬೇಕು. ಪಂಪಿನ ನೀರು ತುಂಬಿದೆಯೇ ಎಂದು ಪ್ರತಿ ಕುದುರೆಗೂ ನೋಡಬೇಕು. ಬೇಕಾದ ಕೊನೆಯ 400 ಮೀಟರ್‌ನಲ್ಲೇ ಲೋಳೆ ಬಂದು ಮಸೂರ ಮುಚ್ಚುವುದು ಈ ಯಂತ್ರದ ಹಣೆಬರಹ.

ತಪಾಸಣೆ ಹಾಳಾಗುವ ಮುಖ್ಯ ಕಾರಣ ಮಾತ್ರ ಯಂತ್ರವಲ್ಲ, ಕುದುರೆಯನ್ನು ಸಾಕಷ್ಟು ಓಡಿಸದಿರುವುದು. ದುಬಾರಿ ಉಪಕರಣ ತಲೆಗೆ ಕಟ್ಟಿದೆ ಎಂದು ಜಾಕಿ ಕೈ ಬಿಗಿ ಹಿಡಿದು ಅರ್ಧ ವೇಗದಲ್ಲಿ ಸುತ್ತು ಹಾಕಿ ಬಂದರೆ ಎಲ್ಲಾ ಗಂಟಲುಗಳೂ ಸರಿಯಾಗಿಯೇ ಕಾಣುತ್ತವೆ. ರೇಸ್‌ನಲ್ಲಿ 1000 ಮೀಟರ್ ಆದ ಮೇಲೆ ಉಸಿರು ಕಟ್ಟುವ ಕುದುರೆಯನ್ನು 600 ಮೀಟರ್ ಓಡಿಸಿ “ಏನೂ ಇಲ್ಲ” ಎಂದು ಬರೆಯುವುದಕ್ಕಿಂತ ಬರೆಯದಿರುವುದು ಲೇಸು. ಕನಿಷ್ಠ 1200–1600 ಮೀಟರ್, ಕೊನೆಯ ಭಾಗ ರೇಸ್ ವೇಗಕ್ಕೆ ಹತ್ತಿರ, ಪಕ್ಕಕ್ಕೆ ಇನ್ನೊಂದು ಕುದುರೆ. ಎದೆಬಡಿತ ನಿಮಿಷಕ್ಕೆ 200 ದಾಟಬೇಕು. ಜಿಪಿಎಸ್ ವೇಗದ ದಾಖಲೆ ವಿಡಿಯೊ ಜೊತೆ ಇರಬೇಕು. ರೇಸ್ ದಿನ ಬಳಸುವ ಅದೇ ಲಗಾಮು, ಅದೇ ಮೂಗುಪಟ್ಟಿ. ನಾಲಗೆ ಕಟ್ಟಿ ಓಡಿಸುವ ಕುದುರೆಯಾದರೆ ಒಮ್ಮೆ ಕಟ್ಟಿ, ಒಮ್ಮೆ ಕಟ್ಟದೆ. ಕತ್ತು ಬಾಗಿಸಿ ಎಳೆದು ಹಿಡಿದಾಗ ಗಂಟಲಕುಳಿ ಕಿರಿದಾಗುವುದರಿಂದ, ಹಿಡಿದಾಗ ಏನಾಯಿತು, ಬಿಟ್ಟಾಗ ಏನಾಯಿತು ಎಂದು ಜಾಕಿ ಹೇಳಿದ್ದನ್ನು ಬರೆದಿಟ್ಟುಕೊಳ್ಳಬೇಕು. ನಿಲ್ಲಿಸುವ ಹೊತ್ತಿಗೂ ಕ್ಯಾಮೆರಾ ಆನ್ ಇರಲಿ. ಆಗ ಮಾತ್ರ ಅಂಗುಳ ಜಾರುವ ಕುದುರೆಗಳೂ ಇವೆ, ಅದಕ್ಕೂ ಓಟದ ನಡುವೆ ಜಾರುವುದಕ್ಕೂ ವ್ಯತ್ಯಾಸವಿದೆ.

ವಿಡಿಯೊ ಓದುವುದು

ಮಾಮೂಲಿ ವೇಗದಲ್ಲಿ ಒಂದು ಸಲ, ನಿಧಾನಗತಿಯಲ್ಲಿ ಎರಡು ಸಲ. ಹುಡುಕಬೇಕಾದದ್ದು ಮೊದಲು ಕೆಟ್ಟದ್ದು ಯಾವುದು ಎಂಬುದನ್ನು, ಏಕೆಂದರೆ ಒಂದು ಭಾಗ ಕುಸಿದಾಗ ಹೀರುವ ಒತ್ತಡ ಏರಿ ಪಕ್ಕದ್ದನ್ನೂ ಎಳೆಯುತ್ತದೆ. ಓಡುವಾಗ ನೋಡಿದರೆ ಒಂದಕ್ಕಿಂತ ಹೆಚ್ಚು ಕಡೆ ಕುಸಿಯುವ ಕುದುರೆಗಳು ಸಿಗುವುದು ಸಾಮಾನ್ಯ.

ಅರಿಟಿನಾಯ್ಡ್‌ಗೆ ಓಟದ ಗ್ರೇಡ್ ಬೇರೆ. ಉಸಿರು ಎಳೆಯುವಾಗ ಪೂರ್ತಿ ತೆರೆದೇ ಇದ್ದರೆ ಎ. ನಿಂತಾಗಿನ ಸ್ಥಿತಿಗೂ ಪೂರ್ತಿ ತೆರೆದುದಕ್ಕೂ ನಡುವೆ ಇದ್ದರೆ ಬಿ. ಅದಕ್ಕಿಂತ ಕೆಳಗೆ ಕುಸಿದರೆ ಸಿ. ನಡುಗೆರೆ ದಾಟಿ ಎದುರು ಭಾಗಕ್ಕೇ ನುಗ್ಗುವಂಥದ್ದನ್ನು ಈಗ ಡಿ ಎಂದು ಬೇರೆ ಬರೆಯುವವರಿದ್ದಾರೆ. ಜೊತೆಗೆ ಧ್ವನಿತಂತು ಕುಸಿಯುತ್ತಿದೆಯೇ ಎಂಬುದೂ ಮುಖ್ಯ: ಅರಿಟಿನಾಯ್ಡ್ ಗಟ್ಟಿಯಾಗಿ ನಿಂತು ತಂತು ಮಾತ್ರ ಒಳಬಂದರೆ ಲೇಸರ್‌ನಿಂದ ತಂತು ತೆಗೆಯುವ ಚಿಕ್ಕ ಕೆಲಸ ಸಾಕಾಗಬಹುದು. ಅರಿಟಿನಾಯ್ಡನ್ನೇ ದಾರದಿಂದ ಹಿಂದಕ್ಕೆ ಕಟ್ಟುವ ಟೈ-ಬ್ಯಾಕ್‌ಗೆ ಕೈ ಹಾಕಬೇಕಿಲ್ಲ. ಟೈ-ಬ್ಯಾಕ್ ಆದ ಗಂಟಲು ನುಂಗುವಾಗ ಪೂರ್ತಿ ಮುಚ್ಚುವುದಿಲ್ಲ, ಮೇವಿನ ಚೂರು ಶ್ವಾಸನಾಳಕ್ಕಿಳಿದು ಕೆಮ್ಮು ಅಂಟಿಕೊಳ್ಳಬಹುದು. ಅನುಮಾನದ ಮೇಲೆ ಮಾಡಿಸುವ ಆಪರೇಷನ್ ಅದಲ್ಲ. ಗ್ರೇಡ್ 4ರ ಕುದುರೆಯನ್ನೂ ಆಪರೇಷನ್‌ಗೆ ಮುಂಚೆ ಓಡಿಸಿ ನೋಡುವುದು ಇದೇ ಕಾರಣಕ್ಕೆ. ಎಡಭಾಗ ಕುಸಿಯುತ್ತದೆಂದು ಗೊತ್ತು. ಬಲ ತಂತುವೋ ಪಕ್ಕದ ಮಡಿಕೆಯೋ ಅದರ ಜೊತೆ ಬರುತ್ತದೆಯೇ ಎಂಬುದು ಗೊತ್ತಿಲ್ಲ.

ಅಂಗುಳ ಜಾರುವ ಮುನ್ನ ಸೂಚನೆ ಕೊಡುತ್ತದೆ. ಮೊದಲು ಅಂಗುಳದ ಅಂಚು ಅದುರಿ ಉಬ್ಬಲು ತೊಡಗುತ್ತದೆ, ಎಪಿಗ್ಲಾಟಿಸ್ ಅದರ ಮೇಲೆ ಚಪ್ಪಟೆಯಾಗುತ್ತದೆ, ಕುದುರೆ ಮತ್ತೆ ಮತ್ತೆ ನುಂಗುತ್ತದೆ. ಆಮೇಲೆ ಒಂದು ಉಸಿರಿನಲ್ಲಿ ಎಪಿಗ್ಲಾಟಿಸ್ ಕೆಳಗೆ ಮಾಯ. ಅದುರುವ ಹಂತದಲ್ಲೇ ಓಟ ಮುಗಿದಿದ್ದರೆ “ಅಂಗುಳ ಅಸ್ಥಿರ, ಪೂರ್ತಿ ಜಾರಿಲ್ಲ” ಎಂದು ಬರೆಯಬೇಕು. ರೇಸ್‌ನಲ್ಲಿ ಜಾರುವ ಸಾಧ್ಯತೆಯನ್ನು ಅದೇ ಹೇಳುತ್ತದೆ. ಈ ಕುದುರೆ ಎಳೆಯದಾಗಿದ್ದು ಇನ್ನೂ ಫಿಟ್ ಆಗಿಲ್ಲದಿದ್ದರೆ, ಅಥವಾ ಗಂಟಲು ಕೆಂಪಾಗಿ ಶ್ವಾಸನಾಳದಲ್ಲಿ ಲೋಳೆ ತುಂಬಿದ್ದರೆ, ಮೊದಲು ಅದನ್ನು ಸರಿಪಡಿಸಿ ಆಮೇಲೆ ಇನ್ನೊಮ್ಮೆ ನೋಡುವುದೇ ಸರಿ. ಧ್ವನಿಪೆಟ್ಟಿಗೆಯನ್ನು ಮುಂದಕ್ಕೆ ಎಳೆದು ಕಟ್ಟುವ ಟೈ-ಫಾರ್ವರ್ಡ್ ಎಲ್ಲಿಗೂ ಓಡಿಹೋಗುವುದಿಲ್ಲ.

ಎಪಿಗ್ಲಾಟಿಸ್ ಪಕ್ಕದಿಂದ ಅರಿಟಿನಾಯ್ಡ್‌ವರೆಗೆ ಹರಡಿದ ಮಡಿಕೆಗಳು ಉಸಿರು ಎಳೆಯುವಾಗ ಪರದೆಯಂತೆ ನಡುವಿಗೆ ಬರುವುದು, ಗಂಟಲಕುಳಿಯ ಪಕ್ಕದ ಗೋಡೆಗಳು ಒಳಬೀಳುವುದು, ಎಪಿಗ್ಲಾಟಿಸ್ ಹಿಂದಕ್ಕೆ ಮಗುಚಿ ಧ್ವನಿಪೆಟ್ಟಿಗೆಯೊಳಗೇ ಬೀಳುವುದು, ಇವು ಯಾವುವೂ ನಿಂತ ಕುದುರೆಯಲ್ಲಿ ಕಾಣುವುದಿಲ್ಲ. ಮಡಿಕೆಯ ಸದ್ದು ಉಸಿರು ಎಳೆಯುವಾಗಲೇ ಬರುವುದರಿಂದ ಕಿವಿಗೆ ‘ರೋರರ್’ ಅನಿಸುತ್ತದೆ. ನಿಂತಾಗ 2.2 ಗ್ರೇಡ್ ಸಿಕ್ಕಿದ್ದರೆ ಟೈ-ಬ್ಯಾಕ್ ಮಾಡಿಸಿಕೊಂಡು, ಸದ್ದು ಹಾಗೇ ಉಳಿಸಿಕೊಂಡು ಮರಳುವ ಕುದುರೆ ಇದೇ.

ಎಲ್ಲಾ ಸರಿಯಾಗಿ ಓಡಿಸಿದ ಮೇಲೂ ಗಂಟಲು ಅಚ್ಚುಕಟ್ಟಾಗಿ ತೆರೆದೇ ಇದ್ದರೆ ಆ ಫಲಿತಾಂಶಕ್ಕೆ ಗೌರವ ಕೊಟ್ಟು ಬೇರೆ ಕಡೆ ಹುಡುಕಿ. ಗ್ಯಾಲಪ್ ಮಾಡುವಾಗಿನ ಇಸಿಜಿ, ಶ್ವಾಸಕೋಶದ ತೊಳೆನೀರಿನ ಪರೀಕ್ಷೆ, ಕಾಲುಗಳು. ಎರಡು ಕಾಲಲ್ಲಿ ಸಮನಾಗಿ ನೋವಿರುವ ಕುದುರೆ ಕುಂಟುವುದಿಲ್ಲ, ಬರೀ ನಿಧಾನವಾಗುತ್ತದೆ.

ವರದಿಯಲ್ಲಿ ಇರಬೇಕಾದದ್ದು: ದಿನಾಂಕ, ಮದ್ದು ಕೊಟ್ಟಿದೆಯೇ, ಯಾವ ಹೊಳ್ಳೆ, ನಿಂತಾಗಿನ ಗ್ರೇಡ್ ಉಪಗ್ರೇಡ್ ಸಮೇತ, ಓಡಿದ ದೂರ, ಗರಿಷ್ಠ ವೇಗ, ಎದೆಬಡಿತ, ಟ್ರ್ಯಾಕ್ ಹೇಗಿತ್ತು, ಯಾವ ಲಗಾಮು, ನಾಲಗೆ ಕಟ್ಟಿತ್ತೇ, ಯಾವ ಭಾಗ ಎಷ್ಟನೇ ಮೀಟರ್‌ನಲ್ಲಿ ಮೊದಲು ಕುಸಿಯಿತು, ಕತ್ತು ಆಗ ಹೇಗಿತ್ತು. ವಿಡಿಯೊದ ಒಂದು ಪ್ರತಿ ಮಾಲೀಕನಿಗೆ ಹೋಗಲಿ. ಆಪರೇಷನ್ ಆದ ಕುದುರೆಯನ್ನು ಮತ್ತೆ ರೇಸ್‌ಗೆ ಇಳಿಸುವ ಮುಂಚೆ ಅದೇ ದೂರ, ಅದೇ ಲಗಾಮು, ಸಾಧ್ಯವಾದರೆ ಅದೇ ಜಾಕಿಯೊಂದಿಗೆ ಇನ್ನೊಮ್ಮೆ ಓಡಿಸಿ ನೋಡಬೇಕು. ಕಟ್ಟಿದ ದಾರ ಮೊದಲ ಕೆಲವು ವಾರಗಳಲ್ಲೇ ಸ್ವಲ್ಪ ಸಡಿಲಗೊಳ್ಳುತ್ತದೆ, ಎಷ್ಟು ಸಡಿಲಗೊಂಡಿದೆ ಎಂಬುದು ಗ್ಯಾಲಪ್‌ನಲ್ಲೇ ತಿಳಿಯಬೇಕು.